ಅಂತರಗಂಗೆ ತೆಗೆಯುವ ನಾಲ್ಕು ದಾರಿಗಳು: ಲಕ್ಷ್ಮಣತೀರ್ಥದ ದಂಡೆಯಲ್ಲಿ ಕಂಡಂತೆ

ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆ, ಹೊಳೆಗಳನ್ನು ಆವರಿಸಿರುವ ನೇರಳೆ ಹೂವಿನ ಅಂತರಗಂಗೆಯನ್ನು ತೆಗೆಯಲು ಯಂತ್ರ, ಕೈ, ಔಷಧ, ಹುಳು ಎಂಬ ನಾಲ್ಕು ದಾರಿಗಳಿವೆ. ಲಕ್ಷ್ಮಣತೀರ್ಥ ನದಿಯ ದಂಡೆಯಲ್ಲಿರುವ ನಮ್ಮೂರಿನ ಕೆಲವರು ಸೇರಿ ಇವನ್ನೆಲ್ಲ ಮಾಡಿ ನೋಡಿದ್ದೇವೆ. ಔಷಧವನ್ನು ಮಾತ್ರ ನದಿಗೆ ತರದೆ ಸ್ನೇಹಿತರೊಬ್ಬರ ಕೃಷಿ ಹೊಂಡದಲ್ಲಿ ಪರೀಕ್ಷಿಸಿದೆವು. ನೀರು ಎಷ್ಟು ಬೇಗ ಕಣ್ಣಿಗೆ ಬಿತ್ತು ಎಂಬುದಕ್ಕಿಂತ, ಅದು ಮತ್ತೆ ಮುಚ್ಚಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಎಂಬುದನ್ನೇ ನಾನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ವೇಗದಲ್ಲಿ ಹಿಟಾಚಿಗೆ ಸಾಟಿಯಿಲ್ಲ. ಆದರೆ ಅದರ ತೋಳು ದಂಡೆಯಿಂದ ಎಟುಕುವಷ್ಟು ದೂರ ಮಾತ್ರ ಹೋಗುತ್ತದೆ. ಬಕೆಟ್ ನುಗ್ಗಿದ ಕಡೆ ಗಿಡಗಳು ಹರಿದು, ಮರಿಗಿಡಗಳು ಹಲ್ಲುಗಳ ಸಂದಿಯಿಂದ ಜಾರಿ, ಕೆಳಗಿನ ಊರಿನ ಕಡೆಗೆ ತೇಲಿಹೋಗುತ್ತವೆ. ಬೆಚ್ಚನೆಯ ಹವೆಯಲ್ಲಿ ಎರಡು ವಾರದೊಳಗೆ ಇಮ್ಮಡಿಯಾಗಬಲ್ಲ ಗಿಡಕ್ಕೆ ಅಷ್ಟು ಸಾಕು. ಅದರ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರೇ ಇರುವುದರಿಂದ ಟ್ರ್ಯಾಕ್ಟರಿನಲ್ಲಿ ಸಾಗಿಸುವುದೆಂದರೆ ನೀರಿಗೆ ಬಾಡಿಗೆ ಕೊಟ್ಟಂತೆ. ಆ ಖರ್ಚು ಉಳಿಸಲು ಗುತ್ತಿಗೆದಾರರು ರಾಶಿಯನ್ನು ದಂಡೆಯಲ್ಲೇ ಬಿಟ್ಟರು. ಮುಂಗಾರಿನ ಹೊಳೆ ಏರಿದಾಗ ಅದರ ಬಹುಪಾಲು ಪುನಃ ನೀರಿಗೆ ಸೇರಿತು.

ಕೈಯಿಂದ ತೆಗೆಯುವುದು ಬಹಳ ನಿಧಾನದ ಕೆಲಸ, ಆದರೆ ಅಚ್ಚುಕಟ್ಟಾದದ್ದು. ಹರಿಗೋಲಿನಲ್ಲಿ ಕುಳಿತು ತಾಯಿಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎಳೆದರೆ, ನೀರಿನಡಿಯ ಬಳ್ಳಿಗೆ ಅಂಟಿಕೊಂಡಿರುವ ಮರಿಗಳೂ ಒಂದರ ಹಿಂದೊಂದು ಬರುತ್ತವೆ. ಗರಿಯಂಥ ಕಪ್ಪು ಬೇರುಗಳಿಂದ ಕೆಸರು ಸೋರುತ್ತದೆ. ದಂಡೆಗೆ ಹತ್ತಿರದಲ್ಲಿ ದೋಟಿಯೇ ಸಾಕು. ಗಮ್‌ಬೂಟು, ಕೈಗವಸು ಇಲ್ಲದೆ ಮಾತ್ರ ಯಾರೂ ಇಳಿಯಬಾರದು. ಕೊಳಚೆ ನೀರಿನ ತುರಿಕೆಯ ಜೊತೆಗೆ ಹಾವಿನ ಭಯವೂ ಇದೆ. ಮೇಲಿನಿಂದ ತೇಲಿ ಬರುವುದನ್ನು ತಡೆಯಲು ಖಾಲಿ ಕ್ಯಾನುಗಳನ್ನು ಕಟ್ಟಿದ ಹಗ್ಗವನ್ನು ನದಿಗೆ ಓರೆಯಾಗಿ ಹಾಯಿಸಿದ ಮೇಲೆಯೇ ನಮ್ಮ ಶ್ರಮ ಫಲ ಕೊಟ್ಟದ್ದು. ಹಗ್ಗದ ಮೂಲೆಯಲ್ಲಿ ಗಿಡಗಳು ತಾವಾಗಿಯೇ ಒಟ್ಟುಗೂಡುತ್ತವೆ, ಅಲ್ಲಿಂದ ಎತ್ತಿದರಾಯಿತು. ಹೂ ಬಿಡುವ ಮೊದಲೇ ಎತ್ತುವುದು ಲೇಸು, ಏಕೆಂದರೆ ಕೆಸರಿಗೆ ಬಿದ್ದ ಬೀಜ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಕೃಷಿ ಹೊಂಡಕ್ಕೆ 2,4-ಡಿ ಎಂಬ ಕಳೆನಾಶಕ ಸಿಂಪಡಿಸಿದಾಗ ಎಲೆಗಳು ತಿರುಚಿಕೊಂಡು, ಕಂದಾಗಿ, ಮುಳುಗಿದವು. ಮುಳುಗಿದ್ದೆಲ್ಲ ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ಹೀರಿಕೊಂಡಿತು. ಮೀನುಗಳು ಬಾಯಿ ತೆರೆದು ಮೇಲಕ್ಕೆ ಬರತೊಡಗಿದವು. ದನ ನೀರು ಕುಡಿಯುವ, ಜನ ಬಟ್ಟೆ ಒಗೆಯುವ ಹೊಳೆಗೆ ಈ ದಾರಿ ಬೇಡವೇ ಬೇಡ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ನಿಯೋಚೆಟಿನಾ ಎಂಬ ಮೂತಿಹುಳು. 1980ರ ದಶಕದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಬೆಂಗಳೂರಿನ ಕೆರೆಯೊಂದರಲ್ಲಿ ಬಿಟ್ಟು, ಮೂರು ವರ್ಷದೊಳಗೆ ಕಳೆಯನ್ನು ಹತೋಟಿಗೆ ತಂದಿದ್ದರು. ನಾವು ಹತ್ತಿರದ ಕೆರೆಯೊಂದರಿಂದ, ಎಲೆಯ ಮೇಲೆ ಕೆರೆದಂಥ ಸಣ್ಣ ಕಂದು ಚುಕ್ಕೆಗಳಿದ್ದ ಗಿಡಗಳನ್ನು ಹುಳುಸಮೇತ ತಂದು ತೇಲಿಬಿಟ್ಟೆವು. ಹಗಲಿನಲ್ಲಿ ಹುಳು ಗಿಡದ ನಡುಸುಳಿಯಲ್ಲಿ ಅಡಗಿರುವುದರಿಂದ ಕಾಣಸಿಗುವುದು ಅಪರೂಪ. ಮರಿಹುಳುಗಳು ಎಲೆತೊಟ್ಟನ್ನು ಒಳಗಿನಿಂದ ಕೊರೆಯುತ್ತವೆ. ಚೆಕ್‌ಡ್ಯಾಮಿನ ಹಿಂದಿನ ನಿಂತ ನೀರಿನಲ್ಲಿ ಗಿಡಗಳು ಕ್ರಮೇಣ ಕುಳ್ಳಾಗಿ ಹೂ ಕಡಿಮೆಯಾಯಿತು. ಹರಿಯುವ ಕಡೆ ಬಿಟ್ಟ ಹುಳುಗಳನ್ನು ಮಳೆಗಾಲದ ಪ್ರವಾಹ ಗಿಡದೊಂದಿಗೇ ಒಯ್ದಿತು. ಊರಿನ ಚರಂಡಿ ಹೊಳೆಗೆ ಸೇರುವ ಬಾಯಲ್ಲಿ ಕೊಳಚೆಯೇ ಗೊಬ್ಬರವಾಗಿ, ಹುಳು ತಿನ್ನುವುದಕ್ಕಿಂತ ವೇಗವಾಗಿ ಎಲೆ ಚಿಗುರುತ್ತದೆ. ಆ ಜಾಗದಲ್ಲಿ ಯಂತ್ರ, ಕೈಗಳೂ ಸೋತಿವೆ. ಅಲ್ಲಿ ಆಗಬೇಕಾದದ್ದು ಕೊಳಚೆ ನೀರಿನ ಶುದ್ಧೀಕರಣ.

ಈ ದಾರಿಗಳು ಒಂದಕ್ಕೊಂದು ಅಡ್ಡ ಬರುತ್ತವೆ ಎಂಬುದನ್ನು ಕಳೆ ತೆಗೆಸಲು ಹೊರಡುವವರು ಮೊದಲೇ ತಿಳಿದಿರಬೇಕು. ಯಂತ್ರದಿಂದ ಪೂರ್ತಿ ಬಾಚಿದರೆ ಹುಳುವಿನ ನೆಲೆಯೇ ಹೋಗುತ್ತದೆ. ಆದ್ದರಿಂದ ನಾವು ಚೆಕ್‌ಡ್ಯಾಮಿನ ಒಂದು ಮೂಲೆಯನ್ನು ಹಗ್ಗದಿಂದ ಬೇರ್ಪಡಿಸಿ ಹುಳುಗಳಿಗೆ ಬಿಟ್ಟಿದ್ದೇವೆ. ಸೇತುವೆಯ ಬಳಿ ದಟ್ಟವಾಗಿ ಹೆಣೆದುಕೊಂಡ ಕಡೆ ಬೇಸಿಗೆಯಲ್ಲಿ ಒಮ್ಮೆ ಹಿಟಾಚಿ ಇಳಿಸುತ್ತೇವೆ, ಅದರ ಹಿಂದೆಯೇ ಹರಿಗೋಲು ಹೋಗಿ ಉಳಿದ ಮರಿಗಳನ್ನು ಆರಿಸುತ್ತದೆ, ಮತ್ತು ರಾಶಿಯನ್ನು ಈಗ ಪ್ರವಾಹ ಮುಟ್ಟದ ಗದ್ದೆಗೆ ಸಾಗಿಸಿ ಸಗಣಿಯೊಡನೆ ಗೊಬ್ಬರವಾಗಿಸುತ್ತೇವೆ.