14416ರಿಂದ ತಾಲ್ಲೂಕು ಆಸ್ಪತ್ರೆಯ ಮಂಗಳವಾರದವರೆಗೆ: ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿ ಸೇವೆಗಳ ದೀರ್ಘಕಾಲದ ಬಳಕೆದಾರರ ವಿಮರ್ಶೆ

ಮನಸ್ಸಿನ ಕಾಯಿಲೆಗೆ, ಕುಡಿತದ ಚಟಕ್ಕೆ ಕರ್ನಾಟಕದಲ್ಲಿ ಸರ್ಕಾರಿ ಚಿಕಿತ್ಸೆ ಇದೆ, ಬಹುಪಾಲು ಪುಕ್ಕಟೆಯಾಗಿಯೇ ಇದೆ. ಆದರೆ ಎಲ್ಲವೂ ಒಂದೇ ಬಾಗಿಲಲ್ಲಿ ಸಿಗುವುದಿಲ್ಲ. ಯಾವುದಕ್ಕೆ ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಎರಡು ಸಲ ಅಲೆದು ಮೂರನೆಯ ಸಲಕ್ಕೆ ಕೈಬಿಡುತ್ತಾರೆ. ಕಾಯಿಲೆಯವರ ಜೊತೆ ವರ್ಷಗಟ್ಟಲೆ ಈ ಸೇವೆಗಳಿಗೆ ಓಡಾಡಿದ ಮನೆಯವರಾಗಿ, ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ಫೋನು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10ರಂದು. ಇಡೀ ದೇಶದ ಈ ಸೇವೆಗೆ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 14416 ಅಥವಾ 1800-891-4416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ. ಮೊದಲು ಸಿಗುವವರು ಆಪ್ತಸಮಾಲೋಚಕರು. ಅವರು ಔಷಧಿ ಬರೆಯುವುದಿಲ್ಲ. ಅಗತ್ಯ ಕಂಡರೆ ಎರಡನೇ ಹಂತದ ಮನೋವೈದ್ಯರಿಗೆ ದಾಟಿಸುತ್ತಾರೆ. ಕರೆ ಮಾಡುವ ಮುನ್ನ ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ವಯಸ್ಸು, ತೊಂದರೆ ಯಾವಾಗಿನಿಂದ, ನಿದ್ದೆ ಎಷ್ಟು ಗಂಟೆ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ಕುಡಿಯುವವರಾದರೆ ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ. ಮುಂದಿನ ಕರೆಗೆ ಬೇರೆಯವರು ಸಿಕ್ಕರೂ ಆ ಹಾಳೆ ಇದ್ದರೆ ಎಲ್ಲವನ್ನೂ ಹೊಸದಾಗಿ ನೆನಪಿಸಿಕೊಳ್ಳಬೇಕಾಗಿಲ್ಲ. ಫೋನಿಡುವ ಮೊದಲು ತಪ್ಪದೆ ಕೇಳಿ: "ನಮ್ಮ ತಾಲ್ಲೂಕಿನಲ್ಲಿ ಮನೋವೈದ್ಯರು ಯಾವ ದಿನ, ಎಲ್ಲಿ ಕೂರುತ್ತಾರೆ?" ಈ ಪ್ರಶ್ನೆ ಕೇಳದೆ ಮುಗಿದ ಕರೆ ಅರ್ಧ ಕೆಲಸ ಮಾತ್ರ.

ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಂಡು ಗಾಬರಿಯಾದಾಗ, ಸಾಯಬೇಕೆನಿಸಿದಾಗ ಮಾತಾಡಲು ಒಂದು ಜೀವ ಸಿಗುತ್ತದಲ್ಲ, ಈ ಸೇವೆಯ ದೊಡ್ಡ ಗುಣ ಅದೇ. ಆದರೆ ವಿಷ ಕುಡಿದಿದ್ದರೆ, ಫಿಟ್ಸ್ ಬಂದಿದ್ದರೆ, ಪ್ರಜ್ಞೆ ತಪ್ಪಿದ್ದರೆ 14416ರಲ್ಲಿ ಸಮಯ ಕಳೆಯಬೇಡಿ, ನೇರ 108. ಮಾದಕ ವಸ್ತುಗಳ ಚಟಕ್ಕೆ ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಯದೇ ಬೇರೆ ಸಹಾಯವಾಣಿ ಇದೆ, 14446. ಬೀಡಿ, ಸಿಗರೇಟು, ಗುಟ್ಕಾ ಬಿಡಲು 1800-11-2356.

ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವುದು ತಾಲ್ಲೂಕು ಆಸ್ಪತ್ರೆಯ ಮಂಗಳವಾರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೆಲ್ಲ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆ. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಅದರ ಜೊತೆಗೆ ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಮೊದಲ ಭೇಟಿಗೆ ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಖಾಲಿ ಮಾತ್ರೆ ಪಟ್ಟಿಗಳು ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. "ಬಿಳಿ ಮಾತ್ರೆ, ರಾತ್ರಿ ಒಂದು" ಎಂದರೆ ಯಾವ ವೈದ್ಯರಿಗೂ ಏನೂ ತಿಳಿಯದು.

ಚಿಕಿತ್ಸೆ ದಾರಿ ತಪ್ಪುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ವಾಕರಿಕೆ, ಮಂಪರು, ಬಾಯಿ ಒಣಗುವುದು ಮೊದಲ ವಾರವೇ ಶುರು. ಗುಣ ಕಾಣುವ ಮುನ್ನವೇ ತೊಂದರೆ ಕಂಡು ಜನ ಮಾತ್ರೆ ನಿಲ್ಲಿಸುತ್ತಾರೆ. ಹಾಗಾಗಿ ಮೊದಲ ದಿನವೇ ವೈದ್ಯರನ್ನು ಕೇಳಿಕೊಳ್ಳಿ: ಯಾವ ತೊಂದರೆ ತಾನಾಗಿ ಹೋಗುತ್ತದೆ, ಯಾವುದು ಕಂಡರೆ ತಕ್ಷಣ ಬರಬೇಕು? ಇನ್ನೊಂದು, ಹಬ್ಬದ ಮಂಗಳವಾರ, ವೈದ್ಯರ ರಜೆ. ಮನೆಯಲ್ಲಿ ಕನಿಷ್ಠ ಒಂದು ವಾರದ ಮಾತ್ರೆ ಮಿಗುವಂತೆ ನೋಡಿಕೊಳ್ಳಿ. ತಪ್ಪಿದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ. ಆಸ್ಪತ್ರೆಯಲ್ಲಿ ದಾಸ್ತಾನು ಮುಗಿದಿದ್ದರೆ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಆಗುತ್ತಿರಬೇಕು. ಕ್ಲೋಜಪಿನ್ ಮಾತ್ರೆ ಇದ್ದರೆ ಬಿಳಿ ರಕ್ತಕಣಗಳ ಎಣಿಕೆ ಆಗುತ್ತಿರಬೇಕು. ಇಂಥವರು ನಿಮ್ಹಾನ್ಸ್, ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ಸಂಪರ್ಕವನ್ನು ಬಿಡಬಾರದು.

ಕುಡಿತದ ವಿಷಯಕ್ಕೆ ಬಂದರೆ, ಇಷ್ಟನ್ನು ಮಾತ್ರ ಎಲ್ಲರೂ ಓದಲೇಬೇಕು. ವರ್ಷಗಟ್ಟಲೆ ದಿನವೂ ಕುಡಿದವರನ್ನು ದೇವರ ಮೇಲೆ ಆಣೆ ಹಾಕಿಸಿ ಒಂದೇ ದಿನಕ್ಕೆ ನಿಲ್ಲಿಸುವುದು ಜೀವಕ್ಕೇ ಅಪಾಯ. ಕೊನೆಯ ಗುಟುಕಿನ ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತದೆ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ದಿಕ್ಕು, ಹೊತ್ತು ತಿಳಿಯದೆ, ಇಲ್ಲದ್ದು ಕಾಣತೊಡಗುತ್ತದೆ, ಜ್ವರ ಏರುತ್ತದೆ. ಇದನ್ನು ಗಾಳಿ ಸೋಕಿದ್ದೆಂದು ಮಂತ್ರ ಹಾಕಿಸುತ್ತಾ ಕೂತರೆ ಜೀವ ಹೋಗಬಹುದು. ಹಿಂದೆ ಫಿಟ್ಸ್ ಬಂದಿದ್ದವರು, ಕಾಮಾಲೆ ಇದ್ದವರು, ಬೆಳಿಗ್ಗೆ ಎದ್ದೊಡನೆ ಕುಡಿಯದೆ ಕೈ ನಿಲ್ಲದವರು ಆಸ್ಪತ್ರೆಯಲ್ಲಿ ದಾಖಲಾಗಿಯೇ ಬಿಡಬೇಕು. ಅಲ್ಲಿ ನಡುಕ ತಡೆಯುವ ಮಾತ್ರೆಯನ್ನು ಕೆಲವು ದಿನ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ, ಥಯಮಿನ್ (ಬಿ1 ವಿಟಮಿನ್) ಚುಚ್ಚುಮದ್ದು ಕೊಡುತ್ತಾರೆ. ಸುಸ್ತೆಂದು ಊರಿನ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸುವುದಾದರೆ ಮೊದಲು ಕುಡಿತದ ವಿಷಯ ಹೇಳಿ. ಥಯಮಿನ್ ಕೊರತೆ ಇರುವವರಿಗೆ ಬರಿ ಗ್ಲೂಕೋಸ್ ಹೋದರೆ ಮೆದುಳಿಗೆ ಪೆಟ್ಟಾಗಬಹುದು.

ಗಂಡನಿಗೆ ತಿಳಿಯದಂತೆ ಸಾರಿನಲ್ಲಿ, ಕಾಫಿಯಲ್ಲಿ "ಕುಡಿತ ಬಿಡಿಸುವ ಮಾತ್ರೆ" ಬೆರೆಸುವ ಅಭ್ಯಾಸ ಇನ್ನೂ ಇದೆ. ಅದು ಡೈಸಲ್ಫಿರಾಮ್ ಆಗಿದ್ದರೆ, ಮೇಲೆ ಮದ್ಯ ಬಿದ್ದೊಡನೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಕುಡಿಯುವವರಿಗೆ ತಿಳಿಸಿ, ಅವರು ಒಪ್ಪಿದ ಮೇಲಷ್ಟೇ ಕೊಡುವ ಔಷಧಿ ಅದು.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳಲ್ಲಿ ಒಳ್ಳೆಯವೂ ಇವೆ, ಹೆಸರಿಗೆ ಮಾತ್ರ ಇರುವವೂ ಇವೆ. ದುಡ್ಡು ಕಟ್ಟುವ ಮೊದಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಆಗಿದೆಯೇ, ಪ್ರಮಾಣಪತ್ರ ತೋರಿಸಿ ಎಂದು ಕೇಳಿ. ಮನೋವೈದ್ಯರು ವಾರಕ್ಕೆಷ್ಟು ಸಲ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿ ಇರುವವರನ್ನು ಮನೆಯವರ ಅರ್ಜಿಯ ಮೇಲೆ ದಾಖಲಿಸಿಕೊಂಡರೂ ಕಾಯ್ದೆಯ 89ನೇ ಕಲಂನಲ್ಲಿ ಮೊದಲ ಮಿತಿ 30 ದಿನ. "ಮೂರು ತಿಂಗಳು ಯಾರೂ ನೋಡಲು ಬರಬೇಡಿ" ಎನ್ನುವ ಪ್ಯಾಕೇಜಿಗೆ ಸಹಿ ಹಾಕಬೇಡಿ. ಸರಪಳಿ ಹಾಕಿ ಕಟ್ಟುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಚಿಕಿತ್ಸೆಯ ದಾಖಲೆ ಕೇಳಿ ಪಡೆಯುವುದು ರೋಗಿಯ ಹಕ್ಕು.

ಕರಾವಳಿ, ಮಲೆನಾಡಿನ ಕಡೆಯವರಿಗೆ ಎಂಟು ದಿನದ ಮದ್ಯವರ್ಜನ ಶಿಬಿರ ಗೊತ್ತೇ ಇದೆ. ಅದರ ನಿಜವಾದ ಬಲ ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿಯಲ್ಲಿದೆ. ಕುಡಿತ ಬಿಟ್ಟವರು ಮತ್ತೆ ಜಾರದಂತೆ ಊರಿನಲ್ಲಿಯೇ ಹಿಡಿದಿಡುವುದು ಅದು. ಮೇಲೆ ಹೇಳಿದ ಅಪಾಯದ ಲಕ್ಷಣ ಇರುವವರು ಆಸ್ಪತ್ರೆಯ ಚಿಕಿತ್ಸೆ ಮುಗಿಸಿಯೇ ಶಿಬಿರಕ್ಕೆ ಹೋಗಲಿ. ಪಟ್ಟಣದವರಿಗೆ ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಮನೆಯವರಿಗೆಂದೇ ಅಲ್-ಅನಾನ್ ಗುಂಪುಗಳಿವೆ. ಇವನ್ನು ಬಳಸುವ ಮನೆಗಳು ತೀರಾ ಕಡಿಮೆ ಎನ್ನುವುದು ನಮಗೆ ಬೇಸರದ ವಿಷಯ.

ಕಾಯಿಲೆ ಬಹಳ ದಿನ ಉಳಿದು ದುಡಿಯಲು ಆಗದಿದ್ದರೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸೌಲಭ್ಯಗಳಿಗೆ ಸಾಮಾನ್ಯವಾಗಿ ಕನಿಷ್ಠ ಶೇ. 40 ವೈಕಲ್ಯ ಇರಬೇಕಾಗುತ್ತದೆ. ಪ್ರಮಾಣ ಅಳೆಯುವ ವೈದ್ಯರಿಗೆ ಹಳೆಯ ಚೀಟಿಗಳೇ ಆಧಾರ. ಆ ಚೀಲ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ: ಕಾಯಿಲೆಯವರು ಬರಲು ಒಪ್ಪದಿದ್ದರೆ? 14416ಕ್ಕೆ ಮನೆಯವರೂ ಕರೆ ಮಾಡಬಹುದು. ಮೊದಲ ಮಂಗಳವಾರ ಮನೆಯವರೊಬ್ಬರೇ ಹೋಗಿ ವೈದ್ಯರನ್ನೋ ಮನೋಸಾಮಾಜಿಕ ಕಾರ್ಯಕರ್ತರನ್ನೋ ಕಂಡು ಪರಿಸ್ಥಿತಿ ಹೇಳಿ. ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿಡಿ. "ನಿನಗೆ ಹುಚ್ಚು, ಬಾ" ಎಂದರೆ ಯಾರೂ ಬರುವುದಿಲ್ಲ. "ನಿದ್ದೆ ಇಲ್ಲ ಅಂತೀಯಲ್ಲ, ಅದಕ್ಕೊಂದು ಸಲ ತೋರಿಸೋಣ" ಎಂದರೆ ಬಂದಾರು.