ಐಎಲ್‌ಸ್ಪೈ: ಪ್ರೈವೇಟ್ ಕ್ಲಾಸ್‌ಗಳ ಬೀಗ ತೆಗೆಯುವ ಮೊದಲು ಬೇಕಾದ ಟೂಲ್

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಒಂದು ಕಡೆ ತೂಕದ ಯಂತ್ರದ ಜೊತೆ ಬಂದ ಡಿಎಲ್‌ಎಲ್ (ಕಂಪೈಲ್ ಆದ ಡಾಟ್‌ನೆಟ್ ಕೋಡ್ ಇರುವ ಫೈಲ್) ತಲೆ ತಿಂದುಬಿಟ್ಟಿತು. ತೂಕ ಬಂದಾಗ ತಿಳಿಸುವ ಈವೆಂಟ್, ಅದರ ಡೆಲಿಗೇಟ್ (ಈವೆಂಟ್ ಬಂದಾಗ ಓಡುವ ಮೆಥಡ್ ಹೇಗಿರಬೇಕು ಅಂತ ಹೇಳುವ ಟೈಪ್), ತೂಕ ಹೊತ್ತು ತರುವ ರೀಡಿಂಗ್ ಕ್ಲಾಸ್, ಎಲ್ಲವೂ ಪ್ರೈವೇಟ್, ಅಂದರೆ ಹೊರಗಿನ ಕೋಡ್ ನೇರವಾಗಿ ಮುಟ್ಟುವಂತಿಲ್ಲ! ಸಪೋರ್ಟ್‌ನವರಿಗೆ ಫೋನ್ ಮಾಡಿದರೆ "ಮುಂದಿನ ವರ್ಷನ್‌ನಲ್ಲಿ ನೋಡೋಣ ಸಾರ್" ಅಂದರು. ಇನ್ನು ರಿಫ್ಲೆಕ್ಷನ್ನೇ ಗತಿ, ಅಂದರೆ ಪ್ರೋಗ್ರಾಂ ಓಡುವಾಗ ಒಳಗಿನ ಭಾಗಗಳನ್ನು ಹೆಸರು ಹಿಡಿದು ಹುಡುಕಿ ಬಳಸುವುದು. ಆದರೆ ಒಳಗೆ ಏನಿದೆ ಅಂತ ಗೊತ್ತಿಲ್ಲದೆ ರಿಫ್ಲೆಕ್ಷನ್ ಬರೆಯುವುದು ಹೇಗೆ? ಅದಕ್ಕೇ ಐಎಲ್‌ಸ್ಪೈ, ಡಿಎಲ್‌ಎಲ್‌ನಿಂದ ಮತ್ತೆ ಕೋಡ್ ತೆಗೆದು ತೋರಿಸುವ ಡೀಕಂಪೈಲರ್.

ಇದು ಪುಕ್ಕಟೆ, ಓಪನ್ ಸೋರ್ಸ್. 2011ರಲ್ಲಿ ಇದೇ ಕೆಲಸ ಮಾಡುವ ರಿಫ್ಲೆಕ್ಟರ್ ಎಂಬ ಟೂಲ್‌ಗೆ ದುಡ್ಡು ಕೊಡಬೇಕು ಅಂತಾದಾಗ ಶಾರ್ಪ್‌ಡೆವಲಪ್ ತಂಡದವರು ಶುರು ಮಾಡಿದ್ದು. ಡಿಎಲ್‌ಎಲ್ ಎಳೆದು ಹಾಕಿದರೆ ಸಾಕು, ಸಿ ಶಾರ್ಪ್ ಕೋಡ್ ಕಣ್ಣೆದುರು ಬರುತ್ತದೆ. ನನಗೆ ತುಂಬಾ ಇಷ್ಟವಾಗಿದ್ದು ಅನಲೈಸ್. ಯಾವ ಕ್ಲಾಸನ್ನು ಯಾರು ಹುಟ್ಟಿಸುತ್ತಾರೆ, ಯಾರು ಬಳಸುತ್ತಾರೆ, ಎಲ್ಲ ಹೇಳುತ್ತದೆ.

ಒಂದು ಕಡೆ ಮಾತ್ರ ಹುಷಾರು. ಒಳಗಿನ ಕ್ಲಾಸಿನ ಹೆಸರು ಸಿ ಶಾರ್ಪ್ ನೋಟದಲ್ಲಿ ಚುಕ್ಕಿ ಹಾಕಿ ಸ್ಕೇಲ್.ರೀಡಿಂಗ್, ಐಎಲ್ (ಡಿಎಲ್‌ಎಲ್ ಒಳಗಿರುವ ಮಧ್ಯಂತರ ಕೋಡ್) ನೋಟದಲ್ಲಿ ಸ್ಕೇಲ್/ರೀಡಿಂಗ್. ರಿಫ್ಲೆಕ್ಷನ್‌ನಲ್ಲಿ ಹೆಸರಿನಿಂದ ಕ್ಲಾಸ್ ಹುಡುಕುವ ಗೆಟ್‌ಟೈಪ್‌ಗೆ ಬೇಕಾಗಿದ್ದು ಸ್ಕೇಲ್+ರೀಡಿಂಗ್. ಸುಮ್ನೆ ಕಾಪಿ ಮಾಡಿದರೆ ಎರರ್ ಕೂಡ ಬರುವುದಿಲ್ಲ, ನಲ್ (ಏನೂ ಸಿಗಲಿಲ್ಲ ಅಂತ) ಬರುತ್ತದೆ ಅಷ್ಟೇ. ಹೆಸರು ಸರಿಯಾದರೆ ಆಕ್ಟಿವೇಟರ್.ಕ್ರಿಯೇಟ್‌ಇನ್‌ಸ್ಟನ್ಸ್‌ಗೆ ಆ ಟೈಪ್ ಮತ್ತು ಟ್ರೂ ಕೊಟ್ಟರೆ ಪ್ಯಾರಾಮೀಟರ್ ಇಲ್ಲದ ಪ್ರೈವೇಟ್ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟಿಸುವ ಕೋಡ್) ಕೂಡ ಓಡುತ್ತದೆ. ಯಂತ್ರ ಇಲ್ಲದೆ ಮನೆಯಲ್ಲೇ ಸುಳ್ಳು ತೂಕ ಹುಟ್ಟಿಸಿ ಟೆಸ್ಟ್ ಮಾಡಬಹುದು.

ಡೆಲಿಗೇಟ್‌ಗೆ ಹೆಸರೂ ಬೇಡ, ಈವೆಂಟ್‌ನ ಈವೆಂಟ್‌ಹ್ಯಾಂಡ್ಲರ್‌ಟೈಪ್ ಕೇಳಿದರೆ ಸಿಗುತ್ತದೆ. ಅದನ್ನು ನಿಮ್ಮ ಮೆಥಡ್ ಜೊತೆ ಡೆಲಿಗೇಟ್.ಕ್ರಿಯೇಟ್‌ಡೆಲಿಗೇಟ್‌ಗೆ ಕೊಡಿ. ರೀಡಿಂಗ್ ಒಂದು ಕ್ಲಾಸ್ ಅಂತ ಐಎಲ್‌ಸ್ಪೈ ತೋರಿಸಿದ್ದರಿಂದ ನನ್ನ ಮೆಥಡ್ ರೀಡಿಂಗ್ ಬದಲು ಆಬ್ಜೆಕ್ಟ್ ತೆಗೆದುಕೊಂಡರೂ ನಡೆಯಿತು. ಸ್ಟ್ರಕ್ಟ್ (ವ್ಯಾಲ್ಯೂ ಟೈಪ್) ಆಗಿದ್ದರೆ ಕೂರುತ್ತಿರಲಿಲ್ಲ. ಈವೆಂಟ್‌ಗೆ ಮೆಥಡ್ ಜೋಡಿಸುವ ಆಡ್‌ಈವೆಂಟ್‌ಹ್ಯಾಂಡ್ಲರ್ ಮಾತ್ರ ಪ್ರೈವೇಟ್ ಈವೆಂಟ್‌ಗೆ ಒಪ್ಪುವುದಿಲ್ಲ. ಗೆಟ್‌ಆಡ್‌ಮೆಥಡ್‌ಗೆ ಟ್ರೂ ಕೊಟ್ಟು ನೇರವಾಗಿ ಇನ್ವೋಕ್ ಮಾಡಬೇಕು.

ಕೊರತೆಗಳೂ ಇವೆ. ಕಾಮೆಂಟ್ ಸಿಗುವುದಿಲ್ಲ, ಪಿಡಿಬಿ (ಡೀಬಗ್ ಮಾಹಿತಿಯ ಫೈಲ್) ಇಲ್ಲದಿದ್ದರೆ ಲೋಕಲ್ ವೇರಿಯಬಲ್‌ಗಳಿಗೆ ಅದೇ ಏನೋ ಹೆಸರಿಡುತ್ತದೆ. ಅಬ್‌ಫಸ್ಕೇಟ್ ಮಾಡಿದ (ಬೇಕಂತಲೇ ಅರ್ಥವಾಗದಂತೆ ಕಲಸಿದ) ಡಿಎಲ್‌ಎಲ್ ಆದರೆ ಓದುವುದು ಹಿಂಸೆ. ಲೈಸೆನ್ಸ್‌ನಲ್ಲಿ ಡೀಕಂಪೈಲ್ ಮಾಡಬಾರದು ಅಂತಿದೆಯಾ ಅಂತಲೂ ಮೊದಲು ನೋಡಿಕೊಳ್ಳಿ. ಡಿಎಲ್‌ಎಲ್‌ನ ಹೊಸ ವರ್ಷನ್ ಬಂದರೆ ಪ್ರೈವೇಟ್ ಹೆಸರುಗಳು ಬದಲಾಗಬಹುದು, ಅದಕ್ಕೆ ಹಳೆಯದು ಹೊಸದು ಎರಡನ್ನೂ ಇದರಲ್ಲಿ ತೆರೆದು ನೋಡಿಯೇ ಗ್ರಾಹಕರಿಗೆ ಅಪ್‌ಡೇಟ್ ಕೊಡುತ್ತೇನೆ. ಐದಕ್ಕೆ ನಾಲ್ಕೂವರೆ ಸ್ಟಾರ್.