ಬಿಳಿ ಚುಕ್ಕೆ ಮಾಯವಾಯ್ತು ಅಂತ ಔಷಧಿ ನಿಲ್ಲಿಸಬೇಡಿ

ಮನೆಯಲ್ಲಿ ಮೀನು ಸಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಟ್ಯಾಂಕಿನಲ್ಲಿದ್ದ 18 ಮೀನುಗಳಲ್ಲಿ 11 ಸತ್ತವು. ರೋಗದಿಂದ ಹೋದದ್ದು ಮೂರೇ. ಉಳಿದ ಎಂಟನ್ನು ಕೊಂದದ್ದು ನನ್ನ ಕೈಯಾರೆ ಹಾಕಿದ ಔಷಧಿ.

ಹೊಸದಾಗಿ ತಂದ ಆರು ನಿಯಾನ್ ಟೆಟ್ರಾಗಳನ್ನು ಅವತ್ತೇ ಹಳೆಯ ಮೀನುಗಳ ಜೊತೆ ಬಿಟ್ಟಿದ್ದೆ. ಐದನೇ ದಿನ ಒಂದು ನಿಯಾನ್ ಕಟ್ಟಿಗೆ ತುಂಡಿಗೆ ಮೈ ಉಜ್ಜಿ ಸರಕ್ಕನೆ ಪಕ್ಕಕ್ಕೆ ಹೋಯಿತು. ಒಂದೇ ನಿಮಿಷದಲ್ಲಿ ನಾಲ್ಕು ಸಲ ಹಾಗೆ ಮಾಡಿತು. ಹತ್ತಿರ ಹೋಗಿ ನೋಡಿದರೆ ಬಾಲದ ರೆಕ್ಕೆಯ ಮೇಲೆ ಸಣ್ಣ ಉಪ್ಪಿನ ಹರಳಿನಂಥ ಎರಡು ಚುಕ್ಕೆ. ಅದು ಇಕ್, ಅಂದರೆ ಬಿಳಿ ಚುಕ್ಕೆ ರೋಗ.

ಮ್ಯಾಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಸೇರಿರುವ ಔಷಧಿ ಹಾಕಿದೆ. ನಾಲ್ಕನೇ ದಿನ ಒಂದು ಚುಕ್ಕೆಯೂ ಇರಲಿಲ್ಲ. ಖುಷಿಯಾಗಿ ನಿಲ್ಲಿಸಿಬಿಟ್ಟೆ. ನಾನು ಎಡವಿದ್ದು ಇಲ್ಲೇ.

ಈ ರೋಗ ತರುವುದು ಒಂದು ಪರಾವಲಂಬಿ ಜೀವಿ. ಮೀನಿನ ಮೈಮೇಲೆ ಕಾಣುವ ಚುಕ್ಕೆಯೊಳಗೆ ಅದು ಚರ್ಮದ ಕೆಳಗೆ ಕೂತು ಬೆಳೆಯುತ್ತಿರುತ್ತದೆ. ಅಲ್ಲಿರುವಾಗ ನೀರಿಗೆ ಹಾಕಿದ ಔಷಧಿ ಅದನ್ನು ಮುಟ್ಟುವುದಿಲ್ಲ. ಬೆಳೆದ ಮೇಲೆ ತಾನಾಗಿಯೇ ಕಳಚಿ ತಳದ ಮರಳಿಗೆ ಬೀಳುತ್ತದೆ. ನಾವು 'ಚುಕ್ಕೆ ಹೋಯಿತು' ಅಂದುಕೊಳ್ಳುವುದು ಆಗಲೇ. ಅಲ್ಲಿ ಸುತ್ತಲೂ ಕೋಶ ಕಟ್ಟಿಕೊಂಡು ಒಡೆದು ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಮೀನು ಹುಡುಕುತ್ತಾ ನೀರಿನಲ್ಲಿ ಈಜುವ ಒಂದೆರಡು ದಿನ ಮಾತ್ರ ಔಷಧಿಗೆ ಸಿಕ್ಕುತ್ತವೆ. ನೀರು 25 ಡಿಗ್ರಿ ಇದ್ದರೆ ಈ ಸುತ್ತೆಲ್ಲ ಸುಮಾರು ಒಂದು ವಾರದೊಳಗೆ ಮುಗಿಯುತ್ತದೆ. ತಣ್ಣಗಿದ್ದಷ್ಟೂ ನಿಧಾನ.

ಮರಿಗಳು ಹೊರಬರುವ ಹೊತ್ತಿಗೆ ಸರಿಯಾಗಿ ನಾನು ಔಷಧಿ ನಿಲ್ಲಿಸಿದ್ದೆ. ಆರನೇ ದಿನ ಬೆಳಗ್ಗೆ ಲೈಟ್ ಹಾಕಿದಾಗ ನಿಯಾನ್‌ಗಳ ನೀಲಿ ಗೆರೆಯೇ ಸರಿಯಾಗಿ ಕಾಣುತ್ತಿರಲಿಲ್ಲ, ಅಷ್ಟು ಚುಕ್ಕೆ. ಸಂಜೆಯೊಳಗೆ ಟ್ಯಾಂಕಿನಲ್ಲಿ ಮೂರು ಮೀನು ಸತ್ತವು. ಕಿವಿರಿನೊಳಗೂ ಚುಕ್ಕೆ ಕೂತರೆ ಮೀನಿಗೆ ಉಸಿರಾಡುವುದೇ ಕಷ್ಟ.

ಗಾಬರಿಯಲ್ಲಿ ಅದೇ ಔಷಧಿಯನ್ನು ಎರಡರಷ್ಟು ಹಾಕಿದೆ. ಅದರ ಮೇಲೆ ತಾಮ್ರ ಇರುವ ಇನ್ನೊಂದನ್ನೂ ಸುರಿದೆ. ಅಳತೆಯೂ ತಪ್ಪಿತ್ತು. ಟ್ಯಾಂಕ್ 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಲೆಕ್ಕಕ್ಕೆ 54 ಲೀಟರ್ ಬರುತ್ತದೆ. ಆದರೆ ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ಒಳಗಿದ್ದ ನೀರು ಸುಮಾರು 42 ಲೀಟರ್ ಅಷ್ಟೇ. ನಾನು ಎರಡು ಪಟ್ಟು ಹಾಕಿದ್ದು 54 ಲೀಟರಿನ ಲೆಕ್ಕಕ್ಕೆ. ಅದೂ ಟೆಟ್ರಾಗಳಿಗೆ ಮ್ಯಾಲಕೈಟ್ ಗ್ರೀನ್ ಅರ್ಧ ಪ್ರಮಾಣವೇ ಸಾಕು ಅನ್ನುವಾಗ!

ಮೊದಲು ಹೋದದ್ದು ಬಸವನಹುಳುಗಳು. ಬಸವನಹುಳು, ಸೀಗಡಿಗಳಿಗೆ ತಾಮ್ರ ವಿಷ. ಅವು ಕಲ್ಲಿನ ಸಂದಿಯಲ್ಲಿ ಸತ್ತು ಕೊಳೆಯುತ್ತಿದ್ದದ್ದು ನನಗೆ ಗೊತ್ತಾಗಲೇ ಇಲ್ಲ. ಕೊಳೆತದ್ದರಿಂದ ಹುಟ್ಟುವ ಅಮೋನಿಯಾ ಮೀನಿಗೆ ವಿಷ. ಅದನ್ನು ತಿಂದು ಕಡಿಮೆ ಮಾಡುವ, ಫಿಲ್ಟರಿನಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬಿದ್ದು ನೀರಿನಲ್ಲಿ ಅಮೋನಿಯಾ ಏರಿತು. ಮರುದಿನ ರಾತ್ರಿ, ಸದಾ ತಳದಲ್ಲೇ ಓಡಾಡುವ ಕೋರಿಡೋರಾಸ್‌ಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಾ ಗಾಳಿಗೆ ಒದ್ದಾಡುತ್ತಿದ್ದವು. ಆ ದೃಶ್ಯ ಇವತ್ತಿಗೂ ಮರೆಯಲು ಆಗಿಲ್ಲ. ಬೆಳಗಾಗುವಷ್ಟರಲ್ಲಿ ಐದು ನಿಯಾನ್, ಮೂರು ಕೋರಿಡೋರಾಸ್ ಹೋಗಿದ್ದವು.

ಉಳಿದ ಏಳನ್ನು ಹೇಗೆ ಉಳಿಸಿಕೊಂಡೆ ಅಂದರೆ, ಕ್ಲೋರಿನ್ ತೆಗೆದ, ಅದೇ ಬಿಸಿ ಇರುವ ನೀರಿನಿಂದ ಅರ್ಧ ಟ್ಯಾಂಕ್ ಬದಲಾಯಿಸಿದೆ. ಔಷಧಿ ಹೀರಿಕೊಳ್ಳಲಿ ಅಂತ ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿದೆ. ಮೂರು ದಿನ ಬರೀ ನೀರು ಬದಲಾವಣೆ, ಊಟ ಇಲ್ಲವೇ ಇಲ್ಲ ಅನ್ನುವಷ್ಟು. ಆಮೇಲೆ ಕಾರ್ಬನ್ ತೆಗೆದು, ಒಂದೇ ಔಷಧಿ, ಅರ್ಧ ಪ್ರಮಾಣ. ಕಾರ್ಬನ್ ಒಳಗೇ ಇದ್ದರೆ ಹಾಕಿದ ಔಷಧಿಯನ್ನೂ ಅದು ಹೀರಿಬಿಡುತ್ತದೆ, ಇದನ್ನು ಮರೆಯುವವರು ಜಾಸ್ತಿ. ಹೀಟರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ 29ಕ್ಕೆ ತಂದೆ, ಆ ಜೀವಿ ಬೇಗ ಬೇಗ ನೀರಿಗೆ ಬಂದು ಔಷಧಿಗೆ ಸಿಗಲಿ ಅಂತ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಫಾರ್ಮಲಿನ್ ಇದ್ದರೆ ಇನ್ನೂ ಕಡಿಮೆ. ಅದಕ್ಕೆ ನೀರಿನಲ್ಲಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಗಲೂ ರಾತ್ರಿ ಓಡುತ್ತಿತ್ತು. ಮರಳಿಗೆ ಬಿದ್ದ ಕೋಶಗಳು ಹೋಗಲಿ ಅಂತ ದಿನಾ ಪೈಪಿನಿಂದ ತಳ ಹೀರಿ ತೆಗೆದೆ. ಕೊನೆಯ ಚುಕ್ಕೆ ಹೋದ ಮೇಲೂ ಹತ್ತು ದಿನ ಬಿಡದೆ ನಡೆಸಿದೆ. ಅಂದಹಾಗೆ ಮ್ಯಾಲಕೈಟ್ ಗ್ರೀನನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿಕೊಳ್ಳಿ. ಅದು ಮನುಷ್ಯರಿಗೂ ಒಳ್ಳೆಯದಲ್ಲ.

ನಿಮ್ಮ ಮೀನಿನ ಮೇಲೆ ಇವತ್ತು ಚುಕ್ಕೆ ಕಂಡಿದ್ದರೆ ಮೊದಲು ಒಳಗೆ ನಿಜವಾಗಿ ಎಷ್ಟು ಲೀಟರ್ ನೀರಿದೆ ಅಂತ ಲೆಕ್ಕ ಹಾಕಿ. ಅಮೋನಿಯಾ ಪರೀಕ್ಷಿಸಿ. ಬಾಟಲಿಯ ಮೇಲೆ ಬರೆದಿರುವುದನ್ನು ಓದಿ. ಎರಡು ಔಷಧಿಯನ್ನು ಒಟ್ಟಿಗೆ ಬೆರೆಸಲೇಬೇಡಿ.

ಹೊಸ ಮೀನುಗಳನ್ನು ಈಗ ನಾನು ನಾಲ್ಕು ವಾರ ಬೇರೆ ಟಬ್ಬಿನಲ್ಲೇ ಇಡುತ್ತೇನೆ. ಆ ಟಬ್ಬಿನ ಬಲೆ, ಬಕೆಟ್ ಎಲ್ಲ ಬೇರೆ. ಅವನ್ನು ದೊಡ್ಡ ಟ್ಯಾಂಕಿನ ಹತ್ತಿರ ತರುವುದೇ ಇಲ್ಲ. ಒದ್ದೆ ಬಲೆಯಲ್ಲಿ ಉಳಿದ ನಾಲ್ಕು ಹನಿ ನೀರಿನಲ್ಲೂ ಆ ಮರಿಗಳು ಬರಬಹುದು.